ಕಲಿಸುವ ಕೈ ಯಾರದು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಮಳೆ ಹಿಡಿಯುವ ಹೊತ್ತಿಗೆ ಭಟ್ಕಳ, ಹೊನ್ನಾವರ, ಕುಮಟಾದ ಬಸ್ ನಿಲ್ದಾಣಗಳಲ್ಲಿ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ಅಪ್ಪನ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ನಾಲ್ಕು ಫೋಟೋ. ಪಕ್ಕದಲ್ಲಿ ಹದಿನಾರರ ಮಗ, ಇಲ್ಲವೆ ಮಗಳು. ಪಿ.ಯು.ಸಿ.ಗೆ ಹೋಗುವ ಮನಸ್ಸಿಲ್ಲ, ಅಥವಾ ಮನೆಯ ಪರಿಸ್ಥಿತಿ ಅಷ್ಟು ವರ್ಷ ಕಾಯಲು ಬಿಡುವುದಿಲ್ಲ. ಬೇಗ ಕೈಗೊಂದು ಕಸುಬು ಹತ್ತಲಿ ಎಂದು ಎರಡು ವರ್ಷದ ಐ.ಟಿ.ಐ.ಯನ್ನೋ ಮೂರು ವರ್ಷದ ಡಿಪ್ಲೊಮಾವನ್ನೋ ಹುಡುಕಿ ಹೊರಟವರು ಇವರು.

ಕಾಲೇಜಿನ ಕಚೇರಿ ಕಿಟಕಿಯ ಮುಂದೆ ಅಪ್ಪ ಕೇಳುವ ಪ್ರಶ್ನೆಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಫೀ ಎಷ್ಟು? ಕಂತಿನಲ್ಲಿ ಕಟ್ಟಬಹುದೆ? ಬಸ್ ಪಾಸ್ ಸಿಗುತ್ತದೆಯೆ? ಮುಗಿಸಿದ ಮೇಲೆ ಕೆಲಸ ಉಂಟೆ? ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ‘ಕಲಿಸುವವರು ಯಾರು, ಅವರನ್ನು ಆರಿಸಿದ್ದು ಹೇಗೆ’ ಎಂದು ಕೇಳಿದ ಪಾಲಕರು ಅಪರೂಪ. ಮಗಳ ಮದುವೆಗೆ ಅಡುಗೆ ಭಟ್ಟರನ್ನು ಗೊತ್ತುಮಾಡುವ ಮೊದಲು ಹತ್ತು ಮನೆ ವಿಚಾರಿಸುವ ಜನ, ಅದೇ ಮಗಳ ಎರಡು ವರ್ಷವನ್ನು ಒಪ್ಪಿಸುವಾಗ ಮಾತ್ರ ಕಟ್ಟಡದ ಬಣ್ಣ ನೋಡಿ ಸುಮ್ಮನಾಗುತ್ತಾರೆ. ಪ್ರವೇಶ ಪುಸ್ತಿಕೆಯಲ್ಲಾದರೂ ಉತ್ತರ ಸಿಕ್ಕೀತೆ ಎಂದರೆ, ಅಲ್ಲಿ ಅಧ್ಯಕ್ಷರ ಭಾವಚಿತ್ರಕ್ಕೆ ಅರ್ಧ ಪುಟ, ಕಾರ್ಯದರ್ಶಿಗಳದಕ್ಕೆ ಕಾಲು ಪುಟ. ಮಗುವಿನ ಕೈಗೆ ಫೈಲ್ ಕೊಟ್ಟು ಕಬ್ಬಿಣ ಉಜ್ಜಲು ಕಲಿಸುವವನ ಹೆಸರು ಕೊನೆಯ ಪುಟದಲ್ಲೂ ಸಿಗುವುದು ಕಷ್ಟ.

ಸಾಮಾನ್ಯ ಕಾಲೇಜಿನಲ್ಲಿ ಅಧ್ಯಾಪಕರಿಲ್ಲದಿದ್ದರೆ ಹೇಗೋ ನಡೆದುಹೋಗುತ್ತದೆ. ಇತಿಹಾಸದ ಮಾಸ್ತರು ಬಾರದಿದ್ದರೆ ಪುಸ್ತಕವಿದೆ, ಗೈಡ್ ಇದೆ, ಹಿಂದಿನ ವರ್ಷದವರ ನೋಟ್ಸ್ ಇದೆ. ವರ್ಕ್‌ಶಾಪಿನಲ್ಲಿ ಈ ಯಾವುದೂ ನಡೆಯದು. ವೆಲ್ಡಿಂಗ್ ರಾಡನ್ನು ಎಷ್ಟು ಓರೆ ಹಿಡಿಯಬೇಕು ಎಂಬುದನ್ನು ಪುಸ್ತಕ ಹೇಳಬಹುದು. ಹಿಡಿದ ಕೈ ನಡುಗುತ್ತಿದೆ, ಮೊಣಕೈಗೆ ಆಸರೆ ಬೇಕು ಎಂಬುದನ್ನು ಹೇಳಲು ಪಕ್ಕದಲ್ಲಿ ಒಬ್ಬ ಮನುಷ್ಯನೇ ಬೇಕು. ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಂತೂ ಇದು ಬರಿಯ ಕಲಿಕೆಯ ಮಾತಲ್ಲ. ಆಷಾಢದ ಗಾಳಿಗೆ ತಂತಿ ಹರಿದುಬೀಳುವ ಈ ಕರಾವಳಿಯಲ್ಲಿ ಅರ್ಥಿಂಗ್ ಪರೀಕ್ಷಿಸಲು ಸರಿಯಾಗಿ ಕಲಿಯದ ಹುಡುಗ ನಾಳೆ ಕಂಬ ಹತ್ತುತ್ತಾನೆ. ಮೂರು ತಿಂಗಳು ಖಾಲಿ ಬಿದ್ದ ಒಂದು ಹುದ್ದೆಯ ಬೆಲೆಯನ್ನು ಆತ ಯಾವತ್ತೋ ಒಂದು ದಿನ, ಕಂಬದ ತುದಿಯಲ್ಲಿ ಕಟ್ಟಬೇಕಾಗಬಹುದು.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಹೊನ್ನಾವರ, ಕುಮಟಾ, ಶಿರಸಿ ಕಡೆಯ ಗುಡಿಗಾರರ ಮನೆಗಳಲ್ಲಿ ಗಂಧದ ಕೊರಡಿನ ಮೇಲೆ ಉಳಿ ಹಿಡಿಯಲು ಕಲಿಸಿದವನು ಅಪ್ಪ, ಇಲ್ಲವೆ ಚಿಕ್ಕಪ್ಪ. ಅವನಿಗೆ ನೇಮಕಾತಿ ಆದೇಶ ಬೇಕಿರಲಿಲ್ಲ, ಅವನ ಅರ್ಹತೆ ಅಂಗಳದಲ್ಲೇ ಇರುತ್ತಿತ್ತು. ಯಕ್ಷಗಾನದ ಮೇಳದಲ್ಲೂ ಹಾಗೆಯೇ. ಬಾಲಗೋಪಾಲನ ಕುಣಿತದಿಂದ ಹಿಡಿದು ಎಲ್ಲವನ್ನೂ ಹುಡುಗ ಹಿರಿಯ ಕಲಾವಿದರ ಜೊತೆ ಇದ್ದೇ ಕಲಿಯುತ್ತಿದ್ದ. ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಶ್ರೀಮಯ ಕೇಂದ್ರವನ್ನು ಆರಂಭಿಸಿದಾಗ, ಮೇಳದೊಳಗಿನ ಆ ಕಲಿಕೆಗೆ ಶಾಲೆಯ ರೂಪ ಕೊಟ್ಟರು. ಶಾಲೆ ಎಂದಾದ ಮೇಲೆ ಗುರುವನ್ನು ಆರಿಸಬೇಕಾಗುತ್ತದೆ, ಅವನಿಗೆ ಸಂಬಳ ಹೊಂದಿಸಬೇಕಾಗುತ್ತದೆ, ಅವನ ನಂತರ ಯಾರು ಎಂದು ಯೋಚಿಸಬೇಕಾಗುತ್ತದೆ. ಕಸುಬು ಮನೆಯಿಂದ ಹೊರಬಂದು ಸಂಸ್ಥೆಯಾದ ಕೂಡಲೇ ‘ಕಲಿಸುವವನನ್ನು ಆರಿಸುವವನು ಯಾರು’ ಎಂಬ ಪ್ರಶ್ನೆಯೂ ಜೊತೆಗೇ ಹೊರಬರುತ್ತದೆ.

ಉತ್ತರ ಕನ್ನಡದಲ್ಲಿ ಸಂಸ್ಥೆ ಕಟ್ಟುವ ಪರಂಪರೆಗೆ ಕೊರತೆಯಿಲ್ಲ. ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪನೆಯಾದದ್ದು 1919ರಲ್ಲಿ. ಅದರ ಎಂಜಿನಿಯರಿಂಗ್ ಕಾಲೇಜು 1980ರದು. ಚುಟುಕುಗಳ ಕವಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಉದ್ದಕ್ಕೂ ಶಾಲೆಗಳನ್ನು ತೆರೆದರು. ಕುಮಟಾದ ಕಾಲೇಜಿಗೆ ಮುಂಬಯಿಯ ಪ್ರಸಿದ್ಧ ಶಸ್ತ್ರವೈದ್ಯ ಡಾ. ಎ. ವಿ. ಬಾಳಿಗರ ಹೆಸರಿದೆ. ಮುರ್ಡೇಶ್ವರದಲ್ಲಿ ಆರ್. ಎನ್. ಶೆಟ್ಟಿಯವರ ಹೆಸರಿನ ಪಾಲಿಟೆಕ್ನಿಕ್ ಇದೆ. ಹೊರಗೆ ದುಡಿದವರು ಊರಿಗೆ ಶಾಲೆ ಕೊಟ್ಟರು. ಊರಲ್ಲಿದ್ದವರು ಜಾಗ ಕೊಟ್ಟರು, ಶ್ರಮ ಕೊಟ್ಟರು. ಸ್ಥಾಪಕರ ಕಾಲದಲ್ಲಿ ಆಡಳಿತ ಸುಲಭ. ಎಲ್ಲಿಯ ಸಂಸ್ಥೆಯೇ ಆಗಲಿ, ಕಟ್ಟಿದವರಿಗೆ ಮಾಸ್ತರರ ಮುಖ ಪರಿಚಯವಿರುತ್ತದೆ, ತಪ್ಪಿದರೆ ಕರೆದು ಹೇಳುವ ಅಧಿಕಾರವಿರುತ್ತದೆ. ಕಷ್ಟ ಶುರುವಾಗುವುದು ಎರಡನೆಯ ತಲೆಮಾರಿನಲ್ಲಿ. ಸ್ಥಾಪಕರ ಕಣ್ಣು ಇಲ್ಲವಾದ ಮೇಲೆ ಅದರ ಜಾಗದಲ್ಲಿ ನಿಯಮ ಬರಬೇಕು. ನಿಯಮ ಬಾರದ ಕಡೆ ಬರುವುದು ಭಿಡೆ.

ಭಿಡೆ ಎಂಬುದು ನಮ್ಮ ಸಣ್ಣ ಊರುಗಳ ದೊಡ್ಡ ಕಾಯಿಲೆ. ಲೇತ್ ಯಂತ್ರದ ಮುಂದೆ ಒಬ್ಬ ಬೋಧಕ ಬೇಕಾಗಿದ್ದಾನೆ ಎಂದಿಟ್ಟುಕೊಳ್ಳಿ. ಆಡಳಿತ ಮಂಡಳಿಯ ಸಭೆ ಸೇರುತ್ತದೆ. ಚಹಾ, ಅವಲಕ್ಕಿ ಬರುತ್ತದೆ. ಒಬ್ಬ ಸದಸ್ಯರು ಗಂಟಲು ಸರಿಮಾಡಿಕೊಂಡು, “ನಮ್ಮ ಭಾವನ ಮಗ ಡಿಪ್ಲೊಮಾ ಮಾಡ್ಕೊಂಡು ಮನೇಲೇ ಇದ್ದ, ಪಾಪ” ಎನ್ನುತ್ತಾರೆ. ಎದುರು ಕುಳಿತವರಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಮುಂದಿನ ತಿಂಗಳು ಗ್ರಂಥಪಾಲಕರ ಹುದ್ದೆಗೆ ತಮ್ಮ ತಂಗಿಯ ಸೊಸೆಯ ಮಾತು ಎತ್ತಬೇಕಾಗಿದೆಯಲ್ಲ. ಹುಡುಗ ಒಳ್ಳೆಯವನೇ ಇರಬಹುದು. ಆದರೆ ಲೇತಿನ ಮುಂದೆ ನಿಂತು ಎಷ್ಟು ವರ್ಷವಾಯಿತು ಎಂದು ಯಾರೂ ಕೇಳಲಿಲ್ಲ. ಯಾರೂ ಕೇಳದ ಆ ಪ್ರಶ್ನೆಯನ್ನು ಮುಂದೆ ಪ್ರತಿ ವರ್ಷ ಇಪ್ಪತ್ತು ಮಕ್ಕಳು ಉತ್ತರಿಸುತ್ತಾ ಹೋಗಬೇಕಾಗುತ್ತದೆ.

ಇಪ್ಪತ್ತು ಎಂಬುದು ಸುಮ್ಮನೆ ಹೇಳಿದ ಸಂಖ್ಯೆಯಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್‌ನಂಥ ಟ್ರೇಡುಗಳಲ್ಲಿ ಒಂದು ಘಟಕಕ್ಕೆ ಇಪ್ಪತ್ತು ಮಂದಿ ಎಂಬುದು ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ ಲೆಕ್ಕ. ಬೋಧಕರ ಅರ್ಹತೆಯನ್ನೂ ಅದು ಗೊತ್ತುಪಡಿಸಿದೆ. ಎಂಜಿನಿಯರಿಂಗ್ ಪದವಿ ಇದ್ದರೆ ಒಂದು ವರ್ಷದ ಅನುಭವ, ಡಿಪ್ಲೊಮಾ ಇದ್ದರೆ ಎರಡು ವರ್ಷ, ಐ.ಟಿ.ಐ. ಅಥವಾ ಅಪ್ರೆಂಟಿಸ್ ಪ್ರಮಾಣಪತ್ರದವರಾದರೆ ಮೂರು ವರ್ಷ. ಎರಡು ವರ್ಷದ ಟ್ರೇಡಿಗೆ ಇಬ್ಬರು ಬೋಧಕರಿರುವಾಗ ಒಬ್ಬರು ಪದವಿ ಇಲ್ಲವೆ ಡಿಪ್ಲೊಮಾದವರು, ಇನ್ನೊಬ್ಬರು ಐ.ಟಿ.ಐ.ಯಿಂದಲೇ ಬಂದವರು ಆಗಿರಬೇಕು. ಈ ನಿಯಮದಲ್ಲಿ ಜಾಣತನವಿದೆ. ಒಬ್ಬನಿಗೆ ಲೆಕ್ಕ, ನಕ್ಷೆ ಚೆನ್ನಾಗಿ ಗೊತ್ತು. ಇನ್ನೊಬ್ಬನ ಕೈಗೆ ಕಸುಬು ಗೊತ್ತು. ಇಬ್ಬರಿಗೂ ಬೋಧಕರ ತರಬೇತಿಯ ಪ್ರಮಾಣಪತ್ರ ಬೇಕು ಎಂಬುದು ಅದರ ಮೇಲಿನ ಮಾತು.

ಹಾಗಾದರೆ ಒಳ್ಳೆಯ ಆಯ್ಕೆ ಹೇಗಿರುತ್ತದೆ? ಮೊದಲು ಪತ್ರಿಕೆಯಲ್ಲಿ ಜಾಹೀರಾತು, ಅದೂ ಊರಿನಾಚೆ ಓದುವ ಪತ್ರಿಕೆಯಲ್ಲಿ. ಬಂದ ಅರ್ಜಿಗಳನ್ನು ದಾಖಲೆಗಳೊಂದಿಗೆ ತಾಳೆ ನೋಡಿದ ಪಟ್ಟಿ. ಸಂದರ್ಶನದ ಮೇಜಿನಲ್ಲಿ ಮಂಡಳಿಯವರಲ್ಲದೆ ಹೊರಗಿನ ಒಬ್ಬ ವಿಷಯ ತಜ್ಞ. ಇಷ್ಟು ಎಲ್ಲರಿಗೂ ಗೊತ್ತು. ಎಲ್ಲರೂ ಮರೆಯುವುದು ನಂತರದ್ದನ್ನು. ಅಭ್ಯರ್ಥಿಯನ್ನು ಕುರ್ಚಿಯಿಂದ ಎಬ್ಬಿಸಿ ವರ್ಕ್‌ಶಾಪಿಗೆ ಕರೆದೊಯ್ಯಬೇಕು. ಫಿಟ್ಟರ್ ಬೋಧಕನಿಗೆ ಒಂದು ಕಬ್ಬಿಣದ ತುಂಡು, ಒಂದು ಫೈಲ್, ಒಂದು ಮಟ್ಟಗೋಲು ಕೊಟ್ಟು ಒಂದು ಗಂಟೆ ಬಿಡಬೇಕು. ಎಲೆಕ್ಟ್ರಿಷಿಯನ್ ಬೋಧಕನಿಗೆ ಬೇಕೆಂದೇ ಕೆಡಿಸಿಟ್ಟ ಮೋಟಾರ್ ಸ್ಟಾರ್ಟರ್ ತೋರಿಸಿ ದೋಷ ಹುಡುಕಲು ಹೇಳಬೇಕು. ಆತ ತಂತಿ ಮುಟ್ಟುವ ಮೊದಲು ಮೇನ್ ಸ್ವಿಚ್ ತೆಗೆದನೋ ಇಲ್ಲವೋ ಎಂಬುದನ್ನು ಮೂಲೆಯಲ್ಲಿ ನಿಂತು ಗಮನಿಸಿದರೆ ಅರ್ಧ ಸಂದರ್ಶನ ಮುಗಿದಂತೆ. ಆಮೇಲೆ ಹಿರಿಯ ವಿದ್ಯಾರ್ಥಿಗಳನ್ನು ಎದುರು ಕೂರಿಸಿ, ಮಾಡಿದ್ದನ್ನು ಕನ್ನಡದಲ್ಲಿ ವಿವರಿಸಲು ಹೇಳಬೇಕು. ಕೆಲಸ ಬಲ್ಲವರೆಲ್ಲ ಕಲಿಸಬಲ್ಲವರಲ್ಲ. ಕೆಲವು ಒಳ್ಳೆಯ ಮೆಕ್ಯಾನಿಕ್‌ಗಳು ಮಗು ತಪ್ಪಿದ ಕೂಡಲೇ ಸ್ಪಾನರ್ ಕಸಿದುಕೊಂಡು ತಾವೇ ಮಾಡಿ ಮುಗಿಸುತ್ತಾರೆ. ಅವರ ಗ್ಯಾರೇಜಿಗೆ ಗಿರಾಕಿಗಳು ಹೋಗಬೇಕು, ಮಕ್ಕಳನ್ನು ಕಳಿಸಬಾರದು.

ಇಷ್ಟೆಲ್ಲ ಮಾಡಿದರೂ ಈ ಕರಾವಳಿಗೆ ಇನ್ನೊಂದು ತೊಡಕಿದೆ. ಒಳ್ಳೆಯ ಕಸುಬುದಾರ ಇಲ್ಲಿ ನಿಲ್ಲುವುದಿಲ್ಲ. ಕೊಂಕಣ ರೈಲು ದಾರಿ ಹಾಕುವಾಗ ಶರಾವತಿಯ ಮೇಲೆ ಹೊನ್ನಾವರದಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಎದ್ದಿತು. 1998ರಲ್ಲಿ ಇಡೀ ದಾರಿಯಲ್ಲಿ ರೈಲು ಓಡತೊಡಗಿತು. ಕೈಗಾದ ಮೊದಲೆರಡು ಘಟಕಗಳು 2000ದಲ್ಲಿ ವಿದ್ಯುತ್ ಕೊಡಲಾರಂಭಿಸಿದವು. ಕಾರವಾರದ ಕದಂಬ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಗೋವಾ ಹತ್ತಿರ, ಮುಂಬಯಿಗೆ ರಾತ್ರಿಯ ರೈಲು, ಭಟ್ಕಳದವರಿಗೆ ದುಬೈ ಪಕ್ಕದ ಊರು. ಕೈ ಪಳಗಿದ ವೆಲ್ಡರ್‌ಗೆ ಗಲ್ಫ್‌ನಲ್ಲಿ ಸಿಗುವ ಸಂಬಳದ ಮುಂದೆ ಕಾಲೇಜು ಕೊಡುವ ಗೌರವಧನ ಬಸ್ ಚಾರ್ಜಿನಂತೆ ಕಾಣುತ್ತದೆ. ಆತ ಹೋದರೆ ತಪ್ಪೇನೂ ಇಲ್ಲ. ಆದರೆ ಜನವರಿಯಲ್ಲಿ ಆತ ಹೋಗಿ, ಬದಲಿ ಬೋಧಕ ಜೂನ್‌ಗೆ ಬಂದರೆ, ನಡುವಿನ ಐದು ತಿಂಗಳು ಮಕ್ಕಳ ಲೆಕ್ಕದಿಂದ ಹೋಯಿತು.

ನಿಲ್ಲಿಸಿಕೊಳ್ಳುವ ದಾರಿ ಸಂಬಳವೊಂದೇ ಅಲ್ಲ. ಲಿಖಿತ ನೇಮಕಾತಿ ಆದೇಶ, ಇಂತಿಷ್ಟು ಕಾಲ ಎಂದು ಗೊತ್ತಿರುವ ಪ್ರೊಬೇಷನ್, ಸೇವಾ ಪುಸ್ತಕ, ಭವಿಷ್ಯನಿಧಿ: ಇವಿಲ್ಲದ ಕಡೆ ಮನುಷ್ಯ ಬೇರೂರುವುದಿಲ್ಲ. ಗ್ರಾಚ್ಯುಟಿಯ ಕಥೆ ಇಲ್ಲಿ ನೆನೆಯತಕ್ಕದ್ದು. ಶಿಕ್ಷಕರು ಆ ಕಾಯಿದೆಯ ಅರ್ಥದಲ್ಲಿ ನೌಕರರಲ್ಲ ಎಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿತ್ತು. ಸಂಸತ್ತು 2009ರಲ್ಲಿ ಕಾಯಿದೆಯನ್ನೇ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನೂ ಒಳಗೆ ತಂದಿತು. ಐದು ವರ್ಷ ಸೇವೆ ಸಲ್ಲಿಸಿದವರಿಗೆ ವರ್ಷಕ್ಕೆ ಹದಿನೈದು ದಿನದ ವೇತನದ ಲೆಕ್ಕ ಅದು. ಹತ್ತು ತಿಂಗಳಿಗೊಮ್ಮೆ ಬಿಡಿಸಿ, ರಜೆ ಮುಗಿದ ಮೇಲೆ ಮತ್ತೆ ಸೇರಿಸಿಕೊಳ್ಳುವ ಚಾಳಿ ಎಲ್ಲಿಂದ ಬಂತು ಎಂಬುದಕ್ಕೆ ಇದರಲ್ಲೇ ಒಂದು ಸುಳಿವಿದೆ.

ಅತಿಥಿ ಉಪನ್ಯಾಸಕ ಎಂಬ ಪದವೇ ವಿಚಿತ್ರ. ಅತಿಥಿ ಎಂದರೆ ಒಂದೆರಡು ದಿನ ಇದ್ದು ಹೋಗುವವನು. ಹದಿನೈದು ವರ್ಷದಿಂದ ಅದೇ ಕೋಣೆಯಲ್ಲಿ ಪಾಠ ಮಾಡುವವನನ್ನು ಹಾಗೆ ಕರೆಯುವುದು ಕನ್ನಡಕ್ಕೂ ಅವಮಾನ. ಹಿಂದೆ ಪಿ.ಯು. ಮಟ್ಟದಲ್ಲಿ ಜೆ.ಒ.ಸಿ. ಎಂಬ ವೃತ್ತಿ ಶಿಕ್ಷಣ ಕೋರ್ಸುಗಳಿದ್ದವು. ಇಂದಿನ ಎಷ್ಟೋ ಪಾಲಕರು ಅದರಲ್ಲೇ ಓದಿದವರು. ಅವನ್ನು ವರ್ಷಗಟ್ಟಲೆ ಹೊತ್ತು ನಡೆಸಿದ್ದು ಅರೆಕಾಲಿಕ ಬೋಧಕರು. ಕೋರ್ಸು ಮುಚ್ಚಿತು, ಕಲಿಸಿದವರ ಪಾಡು ಕಚೇರಿಯಿಂದ ಕಚೇರಿಗೆ ಅಲೆಯಿತು.

ಹಿಂಬಾಗಿಲಿನಿಂದ ಒಳಬಂದವರಿಗೆ ಮುಂದೇನಾಗುತ್ತದೆ ಎಂಬುದಕ್ಕೆ ಕರ್ನಾಟಕದ್ದೇ ಒಂದು ಪ್ರಕರಣ ಇಡೀ ದೇಶಕ್ಕೆ ದಾರಿ ತೋರಿಸಿದೆ. ಅದು ಕಾಲೇಜಿನದಲ್ಲ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರದು. ‘ಉಮಾದೇವಿ ಪ್ರಕರಣ’ ಎಂದೇ ಹೆಸರು. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ನಿಯಮದಂತೆ ಎಲ್ಲರಿಗೂ ಅವಕಾಶ ಕೊಡುವ ಆಯ್ಕೆಯ ಮೂಲಕ ಬಾರದವರು ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳಲಾಗದು ಎಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದ ಅರ್ಹರಿಗೆ ಒಂದು ಸಲದ ವಿನಾಯಿತಿಯನ್ನಷ್ಟೇ ತೋರಿಸಿತು. ಸರ್ಕಾರಿ ಸಂಸ್ಥೆಗೆ ವಶೀಲಿಯಿಂದ ತಾತ್ಕಾಲಿಕವಾಗಿ ಸೇರಿಸಿ ‘ಮುಂದೆ ಪರ್ಮನೆಂಟ್ ಮಾಡಿಸೋಣ’ ಎಂದು ಬೆನ್ನು ತಟ್ಟುವವರು ಆ ಹುಡುಗನಿಗೆ ಉಪಕಾರ ಮಾಡುತ್ತಿಲ್ಲ. ಸಾಂದರ್ಭಿಕವಾಗಿ ಇದನ್ನು ವಿದ್ಯಾರ್ಥಿಗಳೂ ತಿಳಿದಿರಬೇಕು. ಇಂದು ಕಲಿಯುವವರಲ್ಲೇ ಕೆಲವರು ನಾಳೆ ಕಲಿಸಲು ನಿಲ್ಲುವವರು.

ಹಾಗೆ ನಿಲ್ಲಬಯಸುವವರಿಗೆ ದಾರಿಯೂ ಇದೆ. ದೇಶದ ಮೊದಲ ಬೋಧಕ ತರಬೇತಿ ಸಂಸ್ಥೆ 1948ರಲ್ಲೇ ಬಿಲಾಸಪುರದ ಬಳಿಯ ಕೋನಿಯಲ್ಲಿ ಆರಂಭವಾಗಿತ್ತು. ಸ್ವಾತಂತ್ರ್ಯ ಬಂದ ಮರುವರ್ಷವೇ ‘ಕಲಿಸುವವರಿಗೆ ಕಲಿಸಬೇಕು’ ಎಂದು ಹೊಳೆದದ್ದು ಸಣ್ಣ ಮಾತಲ್ಲ. ಬೆಂಗಳೂರಿನಲ್ಲಿ 1971ರಲ್ಲಿ ಜರ್ಮನಿಯ ನೆರವಿನಿಂದ ಫೋರ್‌ಮನ್ ತರಬೇತಿ ಸಂಸ್ಥೆ ಬಂತು. ಅದೇ ಈಗ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ. ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿದವರು ಇಂಥ ಕಡೆ ಒಂದು ವರ್ಷ ಬೋಧಕರ ತರಬೇತಿ ಪಡೆಯಬಹುದು. ಕಸುಬಿನ ಜೊತೆಗೆ ಪಾಠ ಯೋಜನೆ, ಪ್ರಾತ್ಯಕ್ಷಿಕೆ, ಮೌಲ್ಯಮಾಪನ ಎಲ್ಲವನ್ನೂ ಅಲ್ಲಿ ಹೇಳಿಕೊಡುತ್ತಾರೆ. ಊರಿನ ಖಾಸಗಿ ಸಂಸ್ಥೆಯೊಂದು ತನ್ನ ಬೋಧಕನನ್ನು ಸಂಬಳ ಸಹಿತ ಒಂದು ವರ್ಷ ಬೆಂಗಳೂರಿಗೆ ಕಳಿಸಬೇಕಾದರೆ ಕಿಸೆಗೆ ಭಾರ, ನಿಜ. ಕಳಿಸದಿದ್ದರೆ ಭಾರ ಬೀಳುವುದು ಇನ್ನೊಬ್ಬರ ಕಿಸೆಗೆ.

ಒಮ್ಮೆ ತರಬೇತಿ ಪಡೆದರೆ ನಿವೃತ್ತಿಯವರೆಗೆ ಸಾಕು ಎಂಬ ಕಾಲವೂ ಹೋಯಿತು. ಮೋಟಾರ್ ಮೆಕ್ಯಾನಿಕ್ ಟ್ರೇಡನ್ನೇ ನೋಡಿ. 2020ರ ಏಪ್ರಿಲ್ 1ರಿಂದ ಹೊಸ ವಾಹನಗಳೆಲ್ಲ ಭಾರತ್ ಸ್ಟೇಜ್ ಆರರ ಮಟ್ಟದವೇ ಆಗಿರಬೇಕೆಂದಾಯಿತು; ದ್ವಿಚಕ್ರ ವಾಹನಗಳಲ್ಲೂ ಕಾರ್ಬುರೇಟರ್ ಜಾಗಕ್ಕೆ ಇಂಧನ ಸಿಂಪಡಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂತು. ಕಾರ್ಬುರೇಟರ್ ಬಿಚ್ಚಿ ತೊಳೆದು ಜೋಡಿಸುವುದರಲ್ಲಿ ಇಡೀ ತಾಲೂಕಿಗೇ ಹೆಸರಾದ ಹಿರಿಯ ಬೋಧಕರಿರಬಹುದು. ಹೊಸ ಬೈಕಿನ ದೋಷ ಹೇಳುವುದು ಸ್ಕ್ಯಾನರ್ ಎಂಬ ಸಣ್ಣ ಯಂತ್ರ. ಅದನ್ನು ಓದಲು ಅವರಿಗೆ ಯಾರೂ ಕಲಿಸದಿದ್ದರೆ, ಅವರು ತಮಗೆ ಗೊತ್ತಿರುವುದನ್ನೇ ಇನ್ನಷ್ಟು ಚೆನ್ನಾಗಿ ಕಲಿಸುತ್ತಾರೆ. ಮಕ್ಕಳು ರಸ್ತೆಯಲ್ಲಿಲ್ಲದ ಬೈಕನ್ನು ರಿಪೇರಿ ಮಾಡುವುದರಲ್ಲಿ ನಿಪುಣರಾಗುತ್ತಾರೆ. ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 4,700 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿ, 2022ರ ಜೂನ್ 20ರಂದು ಪ್ರಧಾನಿ ಉದ್ಘಾಟಿಸಿದರು. ಯಂತ್ರಗಳು ಬಂದವು. ಯಂತ್ರ ಖರೀದಿಗೆ ಒಂದು ಸಲ ಹಣ ಸಾಕು. ಅದನ್ನು ಹೆದರದೆ ಬಿಚ್ಚಿ ತೋರಿಸುವ ಮನುಷ್ಯನಿಗೆ ವರ್ಷ ವರ್ಷ ಹಣ, ಸಮಯ ಎರಡೂ ಬೇಕು.

ಇನ್ನು ಇದನ್ನೆಲ್ಲ ನೋಡಿಕೊಳ್ಳಬೇಕಾದವರ ಮಾತು. ಸರ್ಕಾರಿ ಐ.ಟಿ.ಐ.ಯಲ್ಲಿ ಕಿರಿಯ ತರಬೇತಿ ಅಧಿಕಾರಿಯ ನೇಮಕ ಲೋಕಸೇವಾ ಆಯೋಗದ ಮೂಲಕ. ಪ್ರಾಚಾರ್ಯರ ಕೈಯಲ್ಲಿ ಹೆಚ್ಚೇನಿಲ್ಲ, ಖಾಲಿ ಹುದ್ದೆಯ ವರದಿ ಬರೆದು ಕಾಯಬೇಕು. ಅನುದಾನಿತ ಸಂಸ್ಥೆಯಲ್ಲಿ ಒಬ್ಬರು ನಿವೃತ್ತರಾದರೆ ಆ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು. ಅನುದಾನವಿಲ್ಲದ ಸಂಸ್ಥೆ ಮಾತ್ರ ಸ್ವತಂತ್ರ, ದೇಶದ ಐ.ಟಿ.ಐ.ಗಳಲ್ಲಿ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಖಾಸಗಿಯವೇ. ಪಕ್ಕದ ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಆಡಳಿತ ಮಂಡಳಿ ರಚಿಸಿಕೊಳ್ಳುವ, ಸಿಬ್ಬಂದಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇಂಥ ಸಂಸ್ಥೆಗಳಿಗಿದೆ ಎಂದಿತು. ಆ ತೀರ್ಪಿನ ಈ ಅರ್ಧವನ್ನು ಮಂಡಳಿಯವರು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಬೋಧಕರ ಅರ್ಹತೆಯನ್ನು ಸರ್ಕಾರ ಗೊತ್ತುಪಡಿಸಬಹುದು, ವಿಚಾರಣೆ ನಡೆಸದೆ ಯಾರನ್ನೂ ಶಿಕ್ಷಿಸಬಾರದು, ನೊಂದವರಿಗೆ ಜಿಲ್ಲಾ ನ್ಯಾಯಾಧೀಶರ ಮಟ್ಟದ ನ್ಯಾಯಮಂಡಳಿ ಇರಬೇಕು ಎಂಬ ಇನ್ನರ್ಧ ಕೇಳಸಿಗುವುದು ಕಡಿಮೆ. ಕರ್ನಾಟಕದಲ್ಲಂತೂ ಖಾಸಗಿ ವಿದ್ಯಾಸಂಸ್ಥೆಗಳ ನೌಕರರಿಗೆ ಅಂಥ ಮೇಲ್ಮನವಿಯ ದಾರಿಯನ್ನು 1975ರ ಕಾಯಿದೆಯೇ ಮಾಡಿಕೊಟ್ಟಿತ್ತು.

ಸರ್ಕಾರಿ ಐ.ಟಿ.ಐ.ಗಳ ಮಟ್ಟಿಗೆ 2007-08ರಲ್ಲಿ ಒಂದು ಒಳ್ಳೆಯ ಪ್ರಯೋಗ ನಡೆಯಿತು. ದೇಶದ 1,396 ಸಂಸ್ಥೆಗಳನ್ನು ಉದ್ಯಮಗಳ ಸಹಭಾಗಿತ್ವದಲ್ಲಿ ಸುಧಾರಿಸುವ ಯೋಜನೆ. ಪ್ರತಿ ಸಂಸ್ಥೆಗೆ ಎರಡೂವರೆ ಕೋಟಿ ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ. ಅದಕ್ಕಾಗಿ ಸಂಸ್ಥಾ ನಿರ್ವಹಣಾ ಸಮಿತಿ ಎಂದು ಮಾಡಿ, ಉದ್ಯಮದವರನ್ನು ಅಧ್ಯಕ್ಷರನ್ನಾಗಿಸಿ, ಸ್ಥಳೀಯ ಉದ್ಯಮಿಗಳು, ಉದ್ಯೋಗಾಧಿಕಾರಿ, ಒಬ್ಬ ಶಿಕ್ಷಣ ತಜ್ಞ, ಒಬ್ಬ ಹಿರಿಯ ಬೋಧಕ, ಕಾರ್ಯದರ್ಶಿಯಾಗಿ ಪ್ರಾಚಾರ್ಯರು ಎಂದು ರಚಿಸಿದರು. ಜೊತೆಗೆ ಒಬ್ಬ ವಿದ್ಯಾರ್ಥಿ ಪ್ರತಿನಿಧಿ. ಈ ಕೊನೆಯ ಕುರ್ಚಿಯ ಬಗ್ಗೆ ವಿದ್ಯಾರ್ಥಿಗಳಿಗೇ ಗೊತ್ತಿರುವುದಿಲ್ಲ. ಅದರಲ್ಲಿ ಕುಳಿತವನು ಚಹಾ ಕುಡಿದು ಸಹಿ ಹಾಕಿ ಬರಬಹುದು; ‘ನಮ್ಮ ವೆಲ್ಡಿಂಗ್ ವಿಭಾಗಕ್ಕೆ ದೀಪಾವಳಿಯಿಂದ ಬೋಧಕರಿಲ್ಲ’ ಎಂದೂ ಹೇಳಬಹುದು. ಹೇಳಿದರೆ ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ದಾಖಲಾದದ್ದಕ್ಕೆ ಮುಂದಿನ ಸಭೆಯಲ್ಲಿ ಉತ್ತರ ಕೊಡಬೇಕು.

ಪಾಲಕರಿಗೆ ನಡಾವಳಿ ಪುಸ್ತಕ ನೋಡಲು ಸಿಗುವುದಿಲ್ಲ, ಸರಿ. ಆದರೆ ವರ್ಕ್‌ಶಾಪಿನ ಹಿಂದೆ ಒಂದು ಗುಜರಿ ಪೆಟ್ಟಿಗೆ ಇರುತ್ತದೆ. ಅದನ್ನು ನೋಡಲು ಯಾರ ಅಪ್ಪಣೆಯೂ ಬೇಡ. ಕತ್ತರಿಸಿದ ಕಬ್ಬಿಣದ ತುಂಡು, ಸೊಟ್ಟ ಬೆಸುಗೆ, ಸುಲಿದ ತಂತಿ ಅದರಲ್ಲಿ ತುಂಬಿದ್ದರೆ ಅಲ್ಲಿ ಯಾರೋ ಕಲಿಸುತ್ತಿದ್ದಾರೆ, ಯಾರೋ ಕಲಿಯುತ್ತಿದ್ದಾರೆ ಎಂದರ್ಥ. ಪೆಟ್ಟಿಗೆ ಖಾಲಿಯಿದ್ದು ಯಂತ್ರಗಳು ಮದುಮಗಳಂತೆ ಹೊಳೆಯುತ್ತಿದ್ದರೆ ಅನುಮಾನಪಡಲು ಕಾರಣವಿದೆ. ವರ್ಷಕ್ಕೆ ಎಷ್ಟು ವೆಲ್ಡಿಂಗ್ ರಾಡ್ ತರಿಸುತ್ತೀರಿ ಎಂಬ ಒಂದೇ ಪ್ರಶ್ನೆಗೆ, ಕೆಲಸಕ್ಕಾಗಿ ಓಡಾಡುವ ಸಂಸ್ಥೆ ಥಟ್ಟನೆ ಉತ್ತರ ಕೊಡುತ್ತದೆ.

ಹೊನ್ನಾವರದ ಕಡೆಯ ಒಬ್ಬ ತಂದೆ ಈ ಜೂನ್‌ನಲ್ಲಿ ಮಗಳನ್ನು ಕರೆದುಕೊಂಡು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಮಗಳಿಗೆ ಎಲೆಕ್ಟ್ರಿಷಿಯನ್ ಆಗಬೇಕೆಂದಿದೆ. ಕಿಟಕಿಯಲ್ಲಿ ಫೀ ಕೇಳಿಯಾದ ಮೇಲೆ ಅವರು ಸ್ವಲ್ಪ ತಡೆದು, “ಸರ್, ಒಂದು ಮಾತು. ಎಲೆಕ್ಟ್ರಿಷಿಯನ್ನಿಗೆ ಕಲ್ಸೂರು ಎಷ್ಟು ಜನ ಇದ್ದಾರೆ?” ಎನ್ನುತ್ತಾರೆ. ಗುಮಾಸ್ತರಿಗೆ ಈ ಪ್ರಶ್ನೆ ಹೊಸತು. ಪ್ರಾಚಾರ್ಯರನ್ನೇ ಕೇಳಿ ಎಂದು ಒಳಗೆ ಕಳಿಸುತ್ತಾರೆ.

ಪ್ರಾಚಾರ್ಯರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಸುಳ್ಳು ಹೇಳಿದರೂ ನಡೆಯುತ್ತಿತ್ತು; ಹೇಳುವುದಿಲ್ಲ. “ಇಬ್ಬರು ಇರಬೇಕು. ಒಬ್ಬರಿದ್ದಾರೆ, ಹನ್ನೆರಡು ವರ್ಷದಿಂದ. ಇನ್ನೊಬ್ಬರು ಮಾರ್ಚಿನಲ್ಲಿ ದುಬೈಗೆ ಹೋದರು. ಜಾಹೀರಾತು ಕೊಟ್ಟಿದ್ದೇವೆ, ಬರುವ ಗುರುವಾರ ಸಂದರ್ಶನ.”

“ಯಾರು ಆರಿಸೂದು?”

“ಮಂಡಳಿಯವರು. ಹೊರಗಿನಿಂದ ಒಬ್ಬರು ಎಂಜಿನಿಯರು ಬರುತ್ತಾರೆ.”

ಮಗಳು ಅಪ್ಪನ ಮುಖ ನೋಡುತ್ತಾಳೆ. ಅಪ್ಪ ಪ್ಲಾಸ್ಟಿಕ್ ಚೀಲದ ಬಾಯಿಯನ್ನು ಮತ್ತೆ ಬಿಗಿಯಾಗಿ ಸುತ್ತುತ್ತಾ ಏಳುತ್ತಾರೆ.

“ಹಾಗಾದ್ರೆ ಸರ್, ಫೀ ಕಟ್ಟೂಕೆ ಶುಕ್ರವಾರ ಬಂದ್ರೆ ಅಡ್ಡಿಲ್ವಾ?”

“ಅಡ್ಡಿಲ್ಲ” ಎನ್ನುತ್ತಾರೆ ಪ್ರಾಚಾರ್ಯರು. ಅವರು ಬಾಗಿಲು ದಾಟಿದ ಮೇಲೆ ಕಾರ್ಯದರ್ಶಿಗಳಿಗೆ ಫೋನ್ ಮಾಡಿ, ಗುರುವಾರದ ಸಂದರ್ಶನ ಸಭಾಂಗಣದಲ್ಲಿ ಬೇಡ, ವರ್ಕ್‌ಶಾಪಿನಲ್ಲೇ ಇಟ್ಟುಕೊಳ್ಳೋಣ ಎಂದು ಹೇಳುತ್ತಾರೆ.